ಗ್ವಾಸಕಾಕ ಅಂದರೆ ಚಟ್ನಿಯೇ?

ಕಳೆದ ಮಳೆಗಾಲದಲ್ಲಿ ಅಡುಗೆಗೆ ಸಂಬಂಧಿಸಿದ ಒಂದು ಅನುವಾದದ ಕೆಲಸ ಬಂತು. ಬೇರೆ ಬೇರೆ ದೇಶಗಳ ನಲವತ್ತು ತಿನಿಸುಗಳು. ಪ್ರತಿಯೊಂದಕ್ಕೂ ಒಂದೆರಡು ಸಾಲಿನ ಪರಿಚಯ, ಅರ್ಧ ಪುಟದಷ್ಟು ಮಾಡುವ ವಿಧಾನ. ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕಿತ್ತು. ಮೂವತ್ತೊಂದನೆಯದು ಗ್ವಾಸಕಾಕ. ಮೂಲದಲ್ಲಿ ಅದರ ಪರಿಚಯ ಇಷ್ಟೇ: ಇದು ವೆನಿಜುವೆಲಾದ ಗ್ವಾಕಮೋಲೆ. ನಮ್ಮ ಓದುಗರಲ್ಲಿ ಎಷ್ಟೋ ಜನರಿಗೆ ಗ್ವಾಕಮೋಲೆಯೇ ಗೊತ್ತಿರುವುದಿಲ್ಲ ಎಂದುಕೊಂಡು ನಾನು 'ಬೆಣ್ಣೆಹಣ್ಣಿನ ಚಟ್ನಿ' ಎಂದು ಬರೆದು ಮುಂದಿನ ತಿನಿಸಿಗೆ ಹೋದೆ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಈ ಮಾತು ಬಂತು. ಅಮ್ಮನ ತವರು ಸಕಲೇಶಪುರದ ಕಡೆ. ಬೆಣ್ಣೆಹಣ್ಣು ಅವರಿಗೆ ಹೊಸದಲ್ಲ.

"ಬೆಣ್ಣೆಹಣ್ಣಿಗೆ ಬೆಳ್ಳುಳ್ಳಿ ಹಾಕ್ತಾರಾ? ಹಾಲು ಸಕ್ಕರೆ ಅಲ್ವೇನೇ ಹಾಕೋದು?"

"ಅಲ್ಲಿ ಹಾಕ್ತಾರಮ್ಮ. ಬೆಳ್ಳುಳ್ಳಿ, ಈರುಳ್ಳಿ, ಕೊತ್ತಂಬರಿ ಸೊಪ್ಪು, ವಿನಿಗರ್, ಎಣ್ಣೆ."

"ಒಗ್ಗರಣೆ?"

"ಇಲ್ಲ."

"ಮತ್ತೆ ಚಟ್ನಿ ಅಂತ ಯಾಕೆ ಬರೆದೆ?"

ಭಾಷಾಶಾಸ್ತ್ರ ಓದಿಕೊಂಡವಳಿಗೆ ಇದಕ್ಕೆ ಉತ್ತರ ಗೊತ್ತಿರಬೇಕಿತ್ತು. ಗೊತ್ತಿರಲಿಲ್ಲ. ಆ ಒಂದು ಸಾಲನ್ನು ಸರಿಮಾಡಲು ಕುಳಿತವಳು ಆ ಸಾಸಿನ ಹಿಂದೆ, ಆಮೇಲೆ ಅದರೊಳಗಿನ ಹಣ್ಣಿನ ಹಿಂದೆ, ಆಮೇಲೆ ಆ ಹಣ್ಣಿನ ಹೆಸರುಗಳ ಹಿಂದೆ ಹೋದೆ. ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಕೊನೆಯ ಹೊತ್ತಿಗೆ ನೀವು ಅದನ್ನು ಮನೆಯಲ್ಲಿ ಮಾಡುವಂತೆಯೂ ಆಗಬೇಕು ಎಂಬುದು ನನ್ನ ಆಸೆ.

ಮೊದಲು ಕಂಡದ್ದು ಬೆಣ್ಣೆ

ಬೆಣ್ಣೆಹಣ್ಣಿನ ಬಗ್ಗೆ ಯುರೋಪಿನಲ್ಲಿ ಅಚ್ಚಾದ ಮೊದಲ ವಿವರಣೆ ಇರುವುದು 1519ರಲ್ಲಿ ಸೆವಿಲ್ಲಾದಲ್ಲಿ ಪ್ರಕಟವಾದ ಒಂದು ಭೂಗೋಳದ ಪುಸ್ತಕದಲ್ಲಿ. ಬರೆದವನು ಮಾರ್ತಿನ್ ಫೆರ್ನಾಂದೆಸ್ ದ ಎನ್ಸಿಸೊ. ವೃತ್ತಿಯಿಂದ ವಕೀಲ. ಹೊಸ ಖಂಡದಲ್ಲಿ ಅದೃಷ್ಟ ಹುಡುಕಿಕೊಂಡು ಹೋದ ಸ್ಪೇನಿನವರಲ್ಲಿ ಒಬ್ಬ. ಇಂದಿನ ಕೊಲಂಬಿಯಾದ ಕೆರಿಬಿಯನ್ ಕರಾವಳಿಯಲ್ಲಿ, ಸಾಂತಾ ಮಾರ್ತಾದ ಹತ್ತಿರ, ಯಾಹಾರೊ ಎಂಬಲ್ಲಿ ಅವನು ಈ ಹಣ್ಣನ್ನು ಕಂಡ. ನೋಡಲು ಕಿತ್ತಳೆಯ ಹಾಗೆ ಇದೆ, ಹಣ್ಣಾದಾಗ ಹಳದಿಗೆ ತಿರುಗುತ್ತದೆ ಎಂದು ಬರೆದು, ಒಳಗಿರುವುದನ್ನು ಬೆಣ್ಣೆಗೆ ಹೋಲಿಸಿದ. ರುಚಿಯನ್ನಂತೂ ಬಾಯ್ತುಂಬ ಹೊಗಳಿದ.

ಆ ಕರಾವಳಿಯನ್ನು ಹಿಡಿದು ಪೂರ್ವಕ್ಕೆ ಹೋದರೆ ವೆನಿಜುವೆಲಾ. ಅಂದರೆ ಗ್ವಾಸಕಾಕದ ನಾಡಿನ ಪಕ್ಕದಲ್ಲೇ, ಐನೂರು ವರ್ಷಗಳ ಹಿಂದೆ, ಹೊರಗಿನವನೊಬ್ಬ ಈ ಹಣ್ಣನ್ನು ಮೊದಲ ಸಲ ಬಾಯಿಗಿಟ್ಟು 'ಬೆಣ್ಣೆ' ಎಂದ. ಅವನ ಪುಸ್ತಕ ನಮ್ಮಲ್ಲಿ ಯಾರೂ ಓದಿದ್ದಲ್ಲ. ಆದರೂ ಈ ಹಣ್ಣು ನಮ್ಮ ಕಡೆಗೆ ಬಂದಾಗ ಕನ್ನಡದವರು ಬೆಣ್ಣೆಹಣ್ಣು ಎಂದರು, ತಮಿಳಿನವರು ವೆಣ್ಣೈ ಪಳಂ ಎಂದರು, ಹಿಂದಿಯಲ್ಲಿ ಮಖನ್‌ಫಲ್ ಆಯಿತು. ಬೆಂಗಳೂರಿನ ಜ್ಯೂಸ್ ಅಂಗಡಿಯ ಬೋರ್ಡಿನಲ್ಲಿ ಅದು ಬಟರ್ ಫ್ರೂಟ್. ಗೊತ್ತಿಲ್ಲದ್ದು ಎದುರಾದಾಗ ನಾಲಿಗೆ ಗೊತ್ತಿರುವುದನ್ನೇ ಹುಡುಕುತ್ತದೆ. ಎನ್ಸಿಸೊನ ನಾಲಿಗೆಗೂ ನಮ್ಮ ನಾಲಿಗೆಗೂ ಬೆಣ್ಣೆ ಗೊತ್ತಿತ್ತು.

ಎಲ್ಲರಿಗೂ ಬೆಣ್ಣೆಯೇ ಕಾಣಲಿಲ್ಲ. 1526ರಲ್ಲಿ ಬರೆದ ಗೊನ್ಸಾಲೊ ಫೆರ್ನಾಂದೆಸ್ ದ ಒವಿಯೇದೊ ಒಳಗಿನ ತಿರುಳನ್ನು ಬೆಣ್ಣೆಗೆ ಹೋಲಿಸಿದರೂ ಮರವನ್ನು, ಹಣ್ಣನ್ನು ಪೇರು ಎಂದೇ ಕರೆದ. ಸ್ಪೇನಿನಲ್ಲಿ ಬೆಳೆಯುವ ಪೇರ್ ಹಣ್ಣಿನ ಆಕಾರ ಅವನ ಕಣ್ಣಿಗೆ ಬಿದ್ದಿತ್ತು. ಗಿಣ್ಣಿನ ಜೊತೆ ತಿಂದರೆ ಚೆನ್ನಾಗಿರುತ್ತದೆ ಎಂದೂ ಸೇರಿಸಿದ.

ಈ 'ಪೇರು' ನಮಗೆ ದೂರದ್ದಲ್ಲ. ಮುಂಬಯಿ, ಪುಣೆಯಲ್ಲಿ ಇರುವವರು ಗಾಡಿಯವನ ಹತ್ತಿರ ಸೀಬೆಹಣ್ಣು ಕೇಳುವಾಗ ಪೇರು ಎನ್ನುತ್ತಾರೆ. ಉತ್ತರ ಕರ್ನಾಟಕ, ಕರಾವಳಿಯವರು ಪೇರಲ ಎನ್ನುತ್ತಾರೆ. ಸೀಬೆಯೂ ಅಮೆರಿಕ ಖಂಡದಿಂದಲೇ ಬಂದದ್ದು. ಅದನ್ನು ತಂದ ಪೋರ್ಚುಗೀಸರ ಬಾಯಲ್ಲಿ ಪೇರ್ ಹಣ್ಣಿಗೆ 'ಪೇರ' ಎಂಬ ಮಾತಿತ್ತು. ಆ ಮಾತೇ ನಮ್ಮ ಕಡೆಯ ಸೀಬೆಗೆ ಅಂಟಿಕೊಂಡಿತು. ಅಲ್ಲಿ ಸ್ಪೇನಿನವರು ಬೆಣ್ಣೆಹಣ್ಣಿಗೆ ಇಟ್ಟ ಹೆಸರು, ಇಲ್ಲಿ ಪೋರ್ಚುಗೀಸರ ಮೂಲಕ ಸೀಬೆಗೆ ಬಂದ ಹೆಸರು, ಎರಡೂ ಒಂದೇ ಯುರೋಪಿನ ಹಣ್ಣಿನದು. ಆ ಹಣ್ಣನ್ನು ಕಾಣದ ನಾವು ಅದರ ಹೆಸರನ್ನು ಇಂದಿಗೂ ಬಳಸುತ್ತಿದ್ದೇವೆ.

ನುಡಿ ಹೋಯಿತು, ಹೆಸರು ಉಳಿಯಿತು

ಹಾಗಾದರೆ ಅಲ್ಲಿನವರೇ ಇದನ್ನು ಏನೆಂದು ಕರೆಯುತ್ತಿದ್ದರು? ದಕ್ಷಿಣ ಅಮೆರಿಕದಲ್ಲಿ ಇದಕ್ಕೆ ಎರಡು ದೊಡ್ಡ ಹೆಸರುಗಳಿವೆ. ಪೆರು, ಚಿಲಿ, ಅರ್ಜೆಂಟೀನಾ, ಉರುಗ್ವೆಗಳಲ್ಲಿ ಪಾಲ್ತಾ. ವೆನಿಜುವೆಲಾ, ಕೊಲಂಬಿಯಾ, ಈಕ್ವೆಡಾರ್‌ಗಳಲ್ಲಿ ಅಗ್ವಾಕಾತೆ.

ಪಾಲ್ತಾ ಎನ್ನುವುದು ಇಂಕಾಗಳ ಕೆಚುವಾ ನುಡಿಯಿಂದ ಸ್ಪ್ಯಾನಿಷಿಗೆ ಬಂದ ಮಾತು. ಅದರ ಕತೆಯನ್ನು ಇಂಕಾ ಗಾರ್ಸಿಲಾಸೊ ದ ಲಾ ವೇಗ ಹೇಳುತ್ತಾನೆ. ಅವನ ತಂದೆ ಸ್ಪೇನಿನ ಸೈನಿಕ, ತಾಯಿ ಇಂಕಾ ರಾಜಮನೆತನದವಳು. ಕುಸ್ಕೊದಲ್ಲಿ ಹುಟ್ಟಿ, ಇಪ್ಪತ್ತರ ಆಸುಪಾಸಿನಲ್ಲಿ ಸ್ಪೇನಿಗೆ ಹೋಗಿ, ಮತ್ತೆ ಊರಿಗೆ ಮರಳಲಿಲ್ಲ. ತಾಯಿಯ ಕಡೆಯವರಿಂದ ಕೇಳಿದ್ದನ್ನೂ ತಾನು ಕಂಡದ್ದನ್ನೂ ವಯಸ್ಸಾದ ಮೇಲೆ ಬರೆದು 1609ರಲ್ಲಿ ಪ್ರಕಟಿಸಿದ. ಅವನ ಪ್ರಕಾರ ಇಂಕಾ ದೊರೆ ತುಪಾಕ್ ಯುಪಾಂಕಿ ಪಾಲ್ತಾ ಎಂಬ ಸೀಮೆಯನ್ನು ಗೆದ್ದ. ಅಲ್ಲಿಂದ ಈ ಹಣ್ಣನ್ನು ಕುಸ್ಕೊದ ಬೆಚ್ಚನೆಯ ಕಣಿವೆಗಳಿಗೆ ತಂದರು. ಹಾಗಾಗಿ ಸೀಮೆಯ ಹೆಸರೇ ಹಣ್ಣಿಗೆ ಬಂತು. ಸ್ಪೇನಿನವರು ಇದನ್ನು ಪೇರು ಎನ್ನುತ್ತಾರೆಂದೂ, ಸಕ್ಕರೆಯ ಜೊತೆ ತಿಂದರೆ ಒಳ್ಳೆಯ ಮುರಬ್ಬದ ಹಾಗೆ ಇರುತ್ತದೆಂದೂ ಅವನೇ ಬರೆದಿದ್ದಾನೆ. ಅಮ್ಮನಿಗೆ ಈ ಮಾತು ಓದಿ ಹೇಳಿದಾಗ ಅವರಿಗೆ ಬಹಳ ಸಮಾಧಾನವಾಯಿತು.

ಹಣ್ಣು ಪೆರುವಿಗೆ ಆಗ ಹೊಸದಾಗಿರಲಿಲ್ಲ. ಪೆರುವಿನ ಕರಾವಳಿಗೆ ಹತ್ತಿರದ ಕಾರಾಲ್ ಎಂಬ ಪ್ರಾಚೀನ ನಗರದ ಅಗೆತದಲ್ಲಿ ಇದರ ಕುರುಹು ಸಿಕ್ಕಿದೆ. ಆ ನಗರ ಇಂಕಾಗಳಿಗಿಂತ ಮೂರು ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನದು. ಹಾಗಾಗಿ ಗಾರ್ಸಿಲಾಸೊನ ಕತೆಯನ್ನು ಹಣ್ಣಿನ ಹುಟ್ಟಿನ ಕತೆ ಎಂದು ಓದಬಾರದು. ಅದು ಹೆಸರಿನ ಕತೆ. ಗೆದ್ದವರು ಸೋತವರ ನಾಡಿನಿಂದ ಏನನ್ನು ತಂದರು, ಅದನ್ನು ಏನೆಂದು ಕರೆದರು ಎಂಬುದರ ಕತೆ. ಕನ್ನಡದಲ್ಲಿ ಪಪಾಯಿಗೆ ಪರಂಗಿಹಣ್ಣು ಎಂದು ಹೆಸರು ಬಂದದ್ದನ್ನು ನೆನಪಿಸಿಕೊಳ್ಳಿ. ಪರಂಗಿಯವರು ತಂದದ್ದು ಪರಂಗಿಹಣ್ಣು. ಪಾಲ್ತಾದವರಿಂದ ತಂದದ್ದು ಪಾಲ್ತಾ.

ಆ ಪಾಲ್ತಾ ಜನ ಇದ್ದದ್ದು ಇಂದಿನ ಈಕ್ವೆಡಾರ್‌ನ ದಕ್ಷಿಣದ ಲೋಹಾ ಪ್ರಾಂತ್ಯದಲ್ಲಿ. ಅವರ ನುಡಿ ಈಗ ಇಲ್ಲ. ದಾಖಲೆಯಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು ಪದಗಳು. ಅಷ್ಟು ಕಡಿಮೆ ಪದಗಳಿಂದ ಆ ನುಡಿ ಯಾವ ಕುಟುಂಬದ್ದೆಂದು ಹೇಳುವುದೂ ಕಷ್ಟ. ಆದರೆ ಲಿಮಾದಲ್ಲಿ, ಸಾಂತಿಯಾಗೊದಲ್ಲಿ, ಬ್ಯೂನಸ್ ಐರಿಸ್‌ನಲ್ಲಿ ದಿನಾ ಬೆಳಿಗ್ಗೆ ಲಕ್ಷಾಂತರ ಜನ ಅವರ ಹೆಸರನ್ನು ಹೇಳಿ ಹಣ್ಣು ಕೊಳ್ಳುತ್ತಾರೆ. ಪಾಲ್ತಾಗಳ ಸ್ವಂತ ನಾಡಾದ ಈಕ್ವೆಡಾರ್‌ನಲ್ಲಿ ಮಾತ್ರ ಹಾಗೆ ಕರೆಯುವುದಿಲ್ಲ. ಅಲ್ಲಿ ಅದು ಅಗ್ವಾಕಾತೆ. ಅದು ಸಾವಿರಾರು ಮೈಲಿ ಉತ್ತರದ ಮೆಕ್ಸಿಕೊದ ಮಾತು.

ವಕೀಲನಾದ ಹಣ್ಣು

ಮೆಕ್ಸಿಕೊದ ನಹುವಾತ್ಲ್ ನುಡಿಯಲ್ಲಿ ಇದು ಅಹುವಾಕತ್ಲ್. ಸ್ಪೇನಿನವರ ಬಾಯಲ್ಲಿ ಅಗ್ವಾಕಾತೆ ಆಯಿತು. ಮೆಕ್ಸಿಕೊವನ್ನು ಮೊದಲು ಹಿಡಿದ ಸ್ಪೇನಿನವರು ಅಲ್ಲಿ ಕಲಿತ ಮಾತುಗಳನ್ನು ತಾವು ಹೋದಲ್ಲೆಲ್ಲ ಒಯ್ದರು. ಟೊಮೇಟೊ, ಚಾಕೊಲೇಟ್, ಚಿಲ್ಲಿ, ನಮ್ಮ ಸಪೋಟ ಇವೆಲ್ಲ ಹೀಗೆ ನಹುವಾತ್ಲ್‌ನಿಂದ ಹೊರಟ ಮಾತುಗಳು. ಕನ್ನಡದಲ್ಲಿ ನಾವು ದಿನಾ ಸ್ವಲ್ಪ ನಹುವಾತ್ಲ್ ಮಾತಾಡುತ್ತೇವೆ.

ಅಗ್ವಾಕಾತೆ ಎನ್ನಲು ಬಾರದ ಕೆಲವರಿಗೆ ಅದು ತಮಗೆ ಗೊತ್ತಿರುವ ಇನ್ನೊಂದು ಮಾತಿನ ಹಾಗೆ ಕೇಳಿಸಿತು. ಅಬೊಗಾದೊ, ಅಂದರೆ ವಕೀಲ. ಅದರ ಹಳೆಯ ರೂಪ ಅವೊಕಾದೊ. ಇಂಗ್ಲಿಷಿನ ಅವಕಾಡೊ ಅಲ್ಲಿಂದ ಬಂತು. ಫ್ರೆಂಚಿನಲ್ಲಿ ಇಂದಿಗೂ ವಕೀಲನಿಗೂ ಬೆಣ್ಣೆಹಣ್ಣಿಗೂ ಒಂದೇ ಪದ, ಅವೊಕಾ. ಇದನ್ನು ಮೊದಲು ವರ್ಣಿಸಿದ ಎನ್ಸಿಸೊ ಸ್ವತಃ ವಕೀಲನಾಗಿದ್ದ ಎಂಬುದು ಬರೀ ಕಾಕತಾಳೀಯ, ಆದರೂ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಇನ್ನೊಂದು ಕತೆ ನಿಮಗೂ ಗೊತ್ತಿರಬಹುದು: ಅಹುವಾಕತ್ಲ್ ಎಂದರೆ ವೃಷಣ, ಮರದಲ್ಲಿ ಜೋಡಿಯಾಗಿ ನೇತಾಡುವುದರಿಂದ ಹಣ್ಣಿಗೆ ಆ ಹೆಸರು ಎಂಬುದು. ಇಂಟರ್ನೆಟ್ಟಿನಲ್ಲಿ ಈ ಮಾತು ನೂರಾರು ಕಡೆ ಸಿಗುತ್ತದೆ. ಇದು ತಲೆಕೆಳಗು. ಆ ಪದದ ಮೊದಲ ಅರ್ಥ ಹಣ್ಣೇ. ಇನ್ನೊಂದು ಅರ್ಥ ಆಮೇಲೆ ಆಡುಮಾತಿನಲ್ಲಿ ಹುಟ್ಟಿಕೊಂಡದ್ದು. ಕನ್ನಡದಲ್ಲಿ 'ಬೀಜ' ಎಂಬ ಮಾತಿಗೂ ಈ ಎರಡನೆಯ ಅರ್ಥ ಇದೆ, ಹೋರಿಯ ಬೀಜ ಒಡೆಸುವುದು ಎನ್ನುತ್ತೇವೆ. ಹಾಗೆಂದು ಹುಣಸೆಬೀಜಕ್ಕೆ ಹೋರಿಯಿಂದ ಹೆಸರು ಬಂತು ಎಂದು ಯಾರೂ ಹೇಳುವುದಿಲ್ಲ.

ಈಗ ಗ್ವಾಕಮೋಲೆಗೆ ಬರೋಣ. ಅದು ಅಹುವಾಕತ್ಲ್ ಮತ್ತು ಮೊಲ್ಲಿ ಎಂಬ ಎರಡು ಮಾತು ಸೇರಿ ಆದದ್ದು. ಮೊಲ್ಲಿ ಎಂದರೆ ಸಾಸು, ಗೊಜ್ಜು. ಅಹುವಾಕಮೊಲ್ಲಿಯ ಮೊದಲ 'ಅ' ಉದುರಿ ಗ್ವಾಕಮೋಲೆ ಆಯಿತು. ಅರ್ಥ ನೇರವಾಗಿದೆ: ಬೆಣ್ಣೆಹಣ್ಣಿನ ಗೊಜ್ಜು.

ಗ್ವಾಸಕಾಕವನ್ನು ಹೀಗೆ ಬಿಡಿಸಲು ಬರುವುದಿಲ್ಲ. ಮೊದಲ 'ಗ್ವಾ' ಒಂದು ಬಿಟ್ಟರೆ ಅದರೊಳಗೆ ಅಹುವಾಕತ್ಲ್‌ನ ಸುಳಿವಿಲ್ಲ, ಮೊಲ್ಲಿಯಂತೂ ಇಲ್ಲವೇ ಇಲ್ಲ. ಇನ್ನು 'ಗ್ವಾ' ಒಂದನ್ನೇ ನಂಬಿ ನೆಂಟಸ್ತಿಕೆ ಹೇಳುವಂತಿಲ್ಲ. ಅಮೆರಿಕದ ಯಾವ ನುಡಿಯ 'ವ' ಕಾರವನ್ನೂ ಸ್ಪೇನಿನವರು ಗ್ವಾ ಎಂದೇ ಬರೆದುಕೊಂಡರು. ಸೀಬೆಗೆ ಅವರ ಹೆಸರು ಗ್ವಾಯಾಬಾ, ದೊಡ್ಡ ಓತಿಕೇತಕ್ಕೆ ಇಗ್ವಾನಾ, ಕರಾಕಾಸ್ ಪಕ್ಕದ ಬಂದರು ಲಾ ಗ್ವಾಯ್ರಾ. ಇವೆಲ್ಲ ಬೇರೆ ಬೇರೆ ಬೇರಿನ ಮಾತುಗಳು. ಗ್ವಾಸಕಾಕವನ್ನು ಗ್ವಾಕಮೋಲೆಯ ತಂಗಿ ಎಂದು ಹೇಳಲು ಹೆಸರು ಸಾಕ್ಷಿಯಾಗುವುದಿಲ್ಲ. ಸಾಕ್ಷಿಗೆ ಬಟ್ಟಲೊಳಗೇ ನೋಡಬೇಕು.

ಬಟ್ಟಲೊಳಗೆ ಏನಿದೆ

ಗ್ವಾಕಮೋಲೆಯಲ್ಲಿ ಹಣ್ಣೇ ಮುಖ್ಯ. ಕಿವುಚಿದ ಹಣ್ಣು, ಉಪ್ಪು, ಹಸಿಮೆಣಸು, ನಿಂಬೆ, ಈರುಳ್ಳಿ, ಒಂದಿಷ್ಟು ಕೊತ್ತಂಬರಿ. ಗಟ್ಟಿಯಾಗಿರುತ್ತದೆ, ಅದ್ದಿಕೊಂಡು ತಿನ್ನುತ್ತಾರೆ. ಗ್ವಾಸಕಾಕ ಹಾಗಲ್ಲ. ಅದರಲ್ಲಿ ವಿನಿಗರ್ ಇದೆ, ಎಣ್ಣೆ ಇದೆ, ಬೆಳ್ಳುಳ್ಳಿ ಇದೆ, ಹಸಿರು ದೊಣ್ಣೆಮೆಣಸಿನಕಾಯಿ ಇದೆ, ಕೊತ್ತಂಬರಿ ಸೊಪ್ಪು ಮತ್ತು ಪಾರ್ಸ್ಲಿ ಧಾರಾಳವಾಗಿ ಇವೆ. ಹುಳಿ ಮುಂದಾಗಿ, ಚಮಚದಿಂದ ಸುರಿಯುವಷ್ಟು ತೆಳುವಾಗಿರುತ್ತದೆ. ಕೆಂಡದ ಮೇಲೆ ಸುಟ್ಟ ಮಾಂಸದ ಮೇಲೆ ಹಾಕಿಕೊಳ್ಳುವುದು ಅದರ ಮೊದಲ ಕೆಲಸ. ಅರೇಪಾ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿಗೆ, ಎಂಪನಾಡ ಎಂಬ ಕಡುಬಿನಂಥ ತಿನಿಸಿಗೆ, ಕರಿದ ಮರಗೆಣಸಿಗೆ ಕೂಡ ಹಾಕಿಕೊಳ್ಳುತ್ತಾರೆ.

ಈಗ ಗ್ವಾಸಕಾಕದಿಂದ ಬೆಣ್ಣೆಹಣ್ಣನ್ನು ತೆಗೆದುಬಿಡಿ. ಉಳಿಯುವುದು ಕೊತ್ತಂಬರಿ, ಬೆಳ್ಳುಳ್ಳಿ, ಹಸಿರು ಮೆಣಸು, ಎಣ್ಣೆ, ವಿನಿಗರ್. ಇದೇ ಸಾಮಾನು ಸೇರಿಸಿ ಮಾಡುವ ಒಂದು ಸಾಸು ಅಟ್ಲಾಂಟಿಕ್‌ನ ಆಚೆ ದಡದಲ್ಲಿದೆ. ಆಫ್ರಿಕಾದ ಪಕ್ಕ ಇರುವ, ಸ್ಪೇನಿಗೆ ಸೇರಿದ ಕನೇರಿ ದ್ವೀಪಗಳ ಮೋಹೊ ವೆರ್ದೆ, ಅಂದರೆ ಹಸಿರು ಮೋಹೊ. ಬೇಯಿಸಿದ ಆಲೂಗಡ್ಡೆಗೂ ಮೀನಿಗೂ ಅಲ್ಲಿ ಅದು ಇರಲೇಬೇಕು.

ಕನೇರಿ ದ್ವೀಪಗಳಿಗೂ ವೆನಿಜುವೆಲಾಕ್ಕೂ ಇರುವ ಸಂಬಂಧ ಹಳೆಯದು. ಬಡತನ, ಬರ, ಯುದ್ಧ ಎಂದು ಕಾರಣ ಏನೇ ಇರಲಿ, ವಸಾಹತು ಕಾಲದಿಂದ 20ನೇ ಶತಮಾನದ ನಡುಭಾಗದವರೆಗೆ ದ್ವೀಪದವರು ಹಡಗು ಹತ್ತಿ ವೆನಿಜುವೆಲಾಕ್ಕೆ ಹೋಗುತ್ತಲೇ ಇದ್ದರು. ಸ್ವಾತಂತ್ರ್ಯ ಹೋರಾಟದ ಮೊದಲ ತಲೆಮಾರಿನ ನಾಯಕ ಫ್ರಾನ್ಸಿಸ್ಕೊ ದ ಮಿರಾಂದನ ತಂದೆ ಕನೇರಿಯಿಂದ ಬಂದವನು. ದ್ವೀಪದವರು ವೆನಿಜುವೆಲಾವನ್ನು ಇಂದಿಗೂ ಎಂಟನೆಯ ದ್ವೀಪ ಎನ್ನುತ್ತಾರೆ.

ಹಾಗಾಗಿ ನನ್ನ ಓದು ಇದು: ಗ್ವಾಸಕಾಕದ ಎಲುಬು ಸ್ಪೇನಿನ ಕಡೆಯದು, ತಿರುಳು ಅಮೆರಿಕದ್ದು. ಇದನ್ನು ನಾನು ಪದಾರ್ಥಗಳನ್ನೂ ಜನರ ವಲಸೆಯನ್ನೂ ಪಕ್ಕಪಕ್ಕ ಇಟ್ಟು ಹೇಳುತ್ತಿದ್ದೇನೆ. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಪಾರ್ಸ್ಲಿ, ವಿನಿಗರ್ ಇವು ಯಾವುವೂ 1492ಕ್ಕೆ ಮೊದಲು ಆ ಖಂಡದಲ್ಲಿರಲಿಲ್ಲ. ಅದನ್ನು ಸುರಿದುಕೊಳ್ಳುವ ದನದ ಮಾಂಸವೂ ಇರಲಿಲ್ಲ. ಕೊಲಂಬಸ್ 1493ರ ಎರಡನೇ ಪ್ರಯಾಣದಲ್ಲಿ ದನ, ಹಂದಿ, ಬೀಜಗಳನ್ನು ಹಡಗಿಗೆ ತುಂಬಿಕೊಂಡು ಬಂದ ಮೇಲೆ ದನಗಳು ಆ ಕಡೆ ಹಬ್ಬಿದವು. ವೆನಿಜುವೆಲಾದ ಯಾನೋಸ್ ಎಂಬ ವಿಶಾಲ ಹುಲ್ಲುಗಾವಲಿನಲ್ಲಿ ಮಂದೆಗಳು ಬೆಳೆದು, ಅವನ್ನು ಕಾಯುವ ಕುದುರೆ ಸವಾರರ ಒಂದು ಬದುಕೇ ಹುಟ್ಟಿಕೊಂಡಿತು. ಸುಟ್ಟ ಮಾಂಸ ಅವರ ಊಟ.

ಅಮೆರಿಕದ್ದು ಎನ್ನಬಹುದಾದವು ಮೂರು: ಬೆಣ್ಣೆಹಣ್ಣು, ದೊಣ್ಣೆಮೆಣಸು, ಮತ್ತು ವೆನಿಜುವೆಲಾದ ಹೆಮ್ಮೆಯ ಅಹಿ ದುಲ್ಸೆ. ಅಹಿ ಎಂದರೆ ಮೆಣಸಿನಕಾಯಿ, ಅದು ಕೆರಿಬಿಯನ್ ದ್ವೀಪಗಳ ತಾಯ್ನೊ ನುಡಿಯ ಮಾತು. ದುಲ್ಸೆ ಎಂದರೆ ಸಿಹಿ. ಘಾಟಿಗೆ ಹೆಸರಾದ ಹಬನೇರೊ ಮೆಣಸಿನ ಜಾತಿಗೇ ಸೇರಿದ್ದು. ಅದೇ ಪರಿಮಳ, ಆದರೆ ಖಾರ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೆಣಸಿನಕಾಯಿಯನ್ನು ಕಂಡ ಸ್ಪೇನಿನವರು ಕರಿಮೆಣಸಿನ ಹೆಸರಾದ ಪಿಮಿಯೆಂತಾವನ್ನು ಸ್ವಲ್ಪ ತಿರುಚಿ ಪಿಮಿಯೆಂತೊ ಎಂದರು. ನಾವೂ ಮೆಣಸಿಗೆ ಕಾಯಿ ಸೇರಿಸಿ ಮೆಣಸಿನಕಾಯಿ ಮಾಡಿಕೊಂಡೆವು. ಮತ್ತೆ ಅದೇ ಉಪಾಯ.

ಹಾಗಾದರೆ ಇದು ಸಾಂಪ್ರದಾಯಿಕ ಹೌದೋ ಅಲ್ಲವೋ? ಹೌದು. ನಮ್ಮ ಸಾರಿಗೆ ಬ್ಯಾಡಗಿ ಮೆಣಸಿನಕಾಯಿ ಎಷ್ಟು ಸಾಂಪ್ರದಾಯಿಕವೋ ಅಷ್ಟು. ಕರಾಕಾಸ್‌ನ ಅಡುಗೆಯನ್ನು ಅಳತೆ ಸಮೇತ ದಾಖಲಿಸಿದ ಪ್ರಸಿದ್ಧ ಪುಸ್ತಕ 1982ರಲ್ಲಿ ಬಂತು. ಕೆಂಪು ಹೊದಿಕೆಯಿಂದಾಗಿ ಅಲ್ಲಿನ ಮನೆಮನೆಗಳಲ್ಲಿ 'ಕೆಂಪು ಪುಸ್ತಕ' ಎಂದೇ ಅದಕ್ಕೆ ಹೆಸರು. ಬರೆದ ಅರ್ಮಾಂದೊ ಸ್ಕನ್ನೋನೆ ಬಾಣಸಿಗರಲ್ಲ, ಸಿವಿಲ್ ಎಂಜಿನಿಯರ್. ಅವರ ತಂದೆತಾಯಿ ಇಟಲಿಯಿಂದ ಬಂದು ನೆಲೆಸಿದವರು. ಮನೆಯ ರುಚಿಗಳು ಕಳೆದುಹೋಗುತ್ತಿವೆ ಎಂಬ ಆತಂಕದಿಂದ, ಅಡುಗೆಯವರಿಂದ ಮಾಡಿಸಿ, ರುಚಿ ನೋಡಿ, ತೂಗಿ ಬರೆದರು. ವಲಸೆ ಬಂದವರ ಮಗನೇ ಊರಿನ ಅಡುಗೆಯ ಕಾವಲುಗಾರನಾದದ್ದು ನನಗೆ ಆ ಬಟ್ಟಲಿನ ಚರಿತ್ರೆಗೆ ಒಪ್ಪುವ ಮಾತಾಗಿಯೇ ಕಂಡಿತು.

ಮಾಡುವ ಬಗೆ

ಮೊದಲು ಹಣ್ಣು. ಅಂಗಡಿಯಲ್ಲಿ ವರ್ಷವಿಡೀ ಸಿಗುವ, ಒರಟು ಸಿಪ್ಪೆಯ, ಹಣ್ಣಾದಾಗ ಕಪ್ಪಾಗುವ ಹಣ್ಣು ಹಾಸ್ ತಳಿಯದು. ಕ್ಯಾಲಿಫೋರ್ನಿಯಾದ ಅಂಚೆಯಾಳು ರುಡಾಲ್ಫ್ ಹಾಸ್ ಅವರ ತೋಟದ ಒಂದೇ ಮರದಿಂದ ಹಬ್ಬಿದ ತಳಿ. 1935ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಅದರಲ್ಲಿ ಕೊಬ್ಬು ಹೆಚ್ಚು. ಕೆರಿಬಿಯನ್ ತಗ್ಗುನಾಡಿನ ಹಣ್ಣು ಬೇರೆ ಬಗೆಯದು: ದೊಡ್ಡದು, ನುಣುಪು ಹಸಿರು ಸಿಪ್ಪೆ, ಕೊಬ್ಬು ಕಡಿಮೆ, ನೀರು ಹೆಚ್ಚು. 20ನೇ ಶತಮಾನದ ಆರಂಭದಲ್ಲಿ ಶ್ರೀಲಂಕಾದ ಮೂಲಕ ನಮ್ಮಲ್ಲಿಗೆ ಬಂದು ಕೊಡಗು, ಮಲೆನಾಡಿನ ಕಾಫಿ ತೋಟಗಳ ನಡುವೆ ನೆಲೆಯಾದ ಬೆಣ್ಣೆಹಣ್ಣಿನಲ್ಲೂ ಇಂಥ ದೊಡ್ಡ ಹಸಿರು ಹಣ್ಣುಗಳೇ ಹೆಚ್ಚು. ಗ್ವಾಸಕಾಕಕ್ಕೆ ಅವೇ ಚೆನ್ನ, ಸಾಸು ಜಿಡ್ಡಾಗುವುದಿಲ್ಲ. ಮಳೆಗಾಲದ ಆಸುಪಾಸಿನಲ್ಲಿ ಊರಿಂದ ಬರುವವರ ಕೈಲಿ ಎರಡು ತರಿಸಿಕೊಳ್ಳಿ. ಸಿಗದಿದ್ದರೆ ಹಾಸ್ ಆದೀತು.

ಬೆಣ್ಣೆಹಣ್ಣು ಮರದಲ್ಲಿ ಬಲಿಯುತ್ತದೆ, ಹಣ್ಣಾಗುವುದಿಲ್ಲ. ಕಿತ್ತ ಮೇಲೆಯೇ ಮೆತ್ತಗಾಗುವುದು. ಗಟ್ಟಿ ಇದ್ದರೆ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ, ಮೂರ್ನಾಲ್ಕು ದಿನದಲ್ಲಿ ಆಗುತ್ತದೆ. ಹಸಿರು ಹಣ್ಣಿನ ಬಣ್ಣ ನೋಡಿ ಹೇಳಲು ಬರುವುದಿಲ್ಲ, ತೊಟ್ಟಿನ ಹತ್ತಿರ ಮೆಲ್ಲಗೆ ಒತ್ತಿ ನೋಡಬೇಕು.

ನಾಲ್ಕೈದು ಜನರಿಗೆ ಬೇಕಾದದ್ದು: ಬೀಜ, ಸಿಪ್ಪೆ ತೆಗೆದ ತಿರುಳು ಸುಮಾರು 300 ಗ್ರಾಂ. ಅರ್ಧ ಈರುಳ್ಳಿ, ಅರ್ಧ ಹಸಿರು ದೊಣ್ಣೆಮೆಣಸಿನಕಾಯಿ, 2 ಎಸಳು ಬೆಳ್ಳುಳ್ಳಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಸಿಕ್ಕರೆ ಅರ್ಧ ಹಿಡಿ ಪಾರ್ಸ್ಲಿ. ಅಹಿ ದುಲ್ಸೆ ನಮಗೆ ಸಿಗುವುದಿಲ್ಲ, ಅದರ ಬದಲು ಬೀಜ ತೆಗೆದ 1 ಹಸಿಮೆಣಸಿನಕಾಯಿ. ವಿನಿಗರ್ 2 ದೊಡ್ಡ ಚಮಚ, ವಾಸನೆ ಇಲ್ಲದ ಎಣ್ಣೆ 4 ದೊಡ್ಡ ಚಮಚ, ಉಪ್ಪು, ಕರಿಮೆಣಸಿನ ಪುಡಿ.

ಹಣ್ಣನ್ನು ಬಿಟ್ಟು ಮಿಕ್ಕ ತರಕಾರಿ, ಸೊಪ್ಪನ್ನು ವಿನಿಗರ್, ಉಪ್ಪಿನ ಜೊತೆ ಮಿಕ್ಸಿಯಲ್ಲಿ ತರಿಯಾಗಿ ರುಬ್ಬಿ. ಹತ್ತು ನಿಮಿಷ ಬಿಡಿ, ಹಸಿ ಈರುಳ್ಳಿಯ ಘಾಟು ಇಳಿಯುತ್ತದೆ. ಆಮೇಲೆ ತಿರುಳು, ಎಣ್ಣೆ ಹಾಕಿ ಇನ್ನೊಂದು ಸುತ್ತು ತಿರುಗಿಸಿ. ದೋಸೆಹಿಟ್ಟಿನ ಹದ ಬರಬೇಕು, ಗಟ್ಟಿ ಎನಿಸಿದರೆ ಒಂದೆರಡು ಚಮಚ ನೀರು. ಕೊನೆಗೆ ಮೆಣಸಿನ ಪುಡಿ ಹಾಕಿ, ರುಚಿ ನೋಡಿ, ಹುಳಿ ಸ್ವಲ್ಪ ಮುಂದೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ. ಮಿಕ್ಸಿ ಇಲ್ಲದೆ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಅರ್ಧ ಹಣ್ಣನ್ನು ಕಿವುಚಿ, ಅರ್ಧವನ್ನು ಚೂರು ಮಾಡಿ ಕಲಸುವವರೂ ಇದ್ದಾರೆ. ಎರಡೂ ಗ್ವಾಸಕಾಕವೇ.

ಬಟ್ಟಲಲ್ಲಿ ಬೀಜ ಇಟ್ಟರೆ ಕಪ್ಪಾಗುವುದಿಲ್ಲ ಎಂಬ ಮಾತು ನಂಬಬೇಡಿ, ಬೀಜದ ಅಡಿ ಎಷ್ಟು ಜಾಗ ಮುಚ್ಚುತ್ತದೋ ಅಷ್ಟೇ ಹಸಿರಾಗಿ ಉಳಿಯುತ್ತದೆ. ಕಪ್ಪಾಗುವುದು ಗಾಳಿ ತಾಗಿ. ವಿನಿಗರ್ ಅದನ್ನು ನಿಧಾನ ಮಾಡುತ್ತದೆ. ಮೇಲೆ ತೆಳುವಾಗಿ ಎಣ್ಣೆ ಸುರಿದು ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮರುದಿನಕ್ಕೂ ಚೆನ್ನಾಗಿರುತ್ತದೆ.

ಮಾಂಸ ತಿನ್ನದವರು ಬೇಯಿಸಿದ ಅಥವಾ ಕರಿದ ಮರಗೆಣಸಿನ ಜೊತೆ ತಿನ್ನಬಹುದು. ಇದು ಹೊಂದಾಣಿಕೆಯ ಮಾತಲ್ಲ. ಮರಗೆಣಸಿನ ತವರೂ ದಕ್ಷಿಣ ಅಮೆರಿಕವೇ. ಅಲ್ಲಿ ಯೂಕಾ ಎಂಬ ಹೆಸರಿನಲ್ಲಿ ಅದು ಗ್ವಾಸಕಾಕದ ಹಳೆಯ ಜೊತೆ.

ಊರು ಬಿಟ್ಟವರ ಬಟ್ಟಲು

ಕಳೆದ ಹತ್ತು ವರ್ಷಗಳಲ್ಲಿ ಗ್ವಾಸಕಾಕ ಮತ್ತೆ ಪ್ರಯಾಣ ಹೊರಟಿದೆ. ಆರ್ಥಿಕ ಕುಸಿತ, ರಾಜಕೀಯ ಬಿಕ್ಕಟ್ಟು, ಹಣದುಬ್ಬರ, ಅಂಗಡಿಗಳಲ್ಲಿ ಆಹಾರ, ಔಷಧಿಗಳ ಕೊರತೆ. ಇವುಗಳಿಂದಾಗಿ ದೇಶ ಬಿಟ್ಟ ವೆನಿಜುವೆಲಾದವರ ಸಂಖ್ಯೆ ವಿಶ್ವಸಂಸ್ಥೆಯ ಲೆಕ್ಕದಲ್ಲಿ 2023ರ ಹೊತ್ತಿಗೆ 77 ಲಕ್ಷ ಮುಟ್ಟಿತ್ತು. ಹೆಚ್ಚಿನವರು ಹೋದದ್ದು ಅಕ್ಕಪಕ್ಕದ ದೇಶಗಳಿಗೇ: ಕೊಲಂಬಿಯಾ, ಪೆರು, ಚಿಲಿ, ಈಕ್ವೆಡಾರ್. ಒಂದು ಕಾಲದಲ್ಲಿ ಕನೇರಿಯವರಿಗೂ ಇಟಲಿಯವರಿಗೂ ಜಾಗ ಕೊಟ್ಟ ನಾಡಿನಿಂದ ಈಗ ಜನ ಹೊರಗೆ ಹೋಗುತ್ತಿದ್ದಾರೆ. ಅವರು ಹೋದ ಊರುಗಳಲ್ಲೆಲ್ಲ ಅರೇಪಾದ ಗಾಡಿಗಳು, ಗಾಡಿಯ ಮೇಲೆ ಹಸಿರು ಸಾಸಿನ ಬಾಟಲಿಗಳು.

ಲಿಮಾಕ್ಕೋ ಸಾಂತಿಯಾಗೊಗೋ ಹೋದವರಿಗೆ ಮಾರುಕಟ್ಟೆಯಲ್ಲಿ ಅಗ್ವಾಕಾತೆ ಸಿಗುವುದಿಲ್ಲ. ಅದೇ ಹಣ್ಣನ್ನು ಪಾಲ್ತಾ ಎಂದು ಕೇಳಬೇಕು. ಭಾಷೆ ಅದೇ ಸ್ಪ್ಯಾನಿಷ್, ಆದರೂ ಬಾಯಿ ತೆರೆದ ಕೂಡಲೇ ಹೊರಗಿನವರೆಂದು ಗೊತ್ತಾಗುತ್ತದೆ. ಪುಣೆಯಲ್ಲಿ ಮೊದಲ ವರ್ಷ ಬದನೆಕಾಯಿಗೆ ವಾಂಗಿ, ಕೊತ್ತಂಬರಿಗೆ ಕೋಥಿಂಬೀರ್ ಎಂದು ಮನಸ್ಸಲ್ಲೇ ಎರಡು ಸಲ ಹೇಳಿಕೊಂಡು ಗಾಡಿಯ ಹತ್ತಿರ ಹೋಗುತ್ತಿದ್ದ ನನಗೆ ಇದು ಅರ್ಥವಾಗುತ್ತದೆ. ನಾನು ಕೆಲಸಕ್ಕೆಂದು ಬಂದವಳು, ಬೇಕೆಂದಾಗ ಊರಿಗೆ ರೈಲು ಹತ್ತಬಹುದು. ಅವರಲ್ಲಿ ಎಷ್ಟೋ ಜನ ಗಡಿಯನ್ನು ನಡೆದು ದಾಟಿದವರು. ಎರಡನ್ನೂ ಒಂದೇ ಎನ್ನಲು ಬರುವುದಿಲ್ಲ. ಆದರೆ ಹಣ್ಣಿನ ಹೆಸರು ಊರೂರಿಗೆ ಬದಲಾದಾಗಲೂ ಅವರು ಸಾಸಿನ ಹೆಸರನ್ನು ಬದಲಾಯಿಸುವುದಿಲ್ಲ ಎಂಬುದನ್ನು ಗಮನಿಸಿದೆ. ಪಾಲ್ತಾದಿಂದ ಮಾಡಿದರೂ ಅದು ಗ್ವಾಸಕಾಕ.

ಅಮ್ಮನ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ಗೊತ್ತಿಲ್ಲದ ಹಣ್ಣನ್ನು ಬೆಣ್ಣೆ ಎನ್ನುವುದರಲ್ಲಿ ತಪ್ಪಿಲ್ಲ, ಎನ್ಸಿಸೊನೂ ನಾವೂ ಮಾಡಿದ್ದು ಅದನ್ನೇ. ಆದರೆ ಜನರು ಊರಿಂದೂರಿಗೆ ಜೋಪಾನವಾಗಿ ಕೊಂಡೊಯ್ಯುವ ಹೆಸರನ್ನು ತೆಗೆದು ಅಲ್ಲಿ ಚಟ್ನಿ ಎಂದೋ ಗ್ವಾಕಮೋಲೆ ಎಂದೋ ಬರೆದರೆ, ಕನೇರಿಯಿಂದ ಬಂದ ಹಡಗುಗಳೂ ಯಾನೋಸ್‌ನ ದನಗಳೂ ಕಾಣದಂತಾಗುತ್ತವೆ.

ಆ ಪುಟವನ್ನು ತಿದ್ದಿದೆ. ಹೆಸರು ಗ್ವಾಸಕಾಕ ಎಂದೇ ಇಟ್ಟೆ. ಪರಿಚಯದ ಸಾಲಿನಲ್ಲಿ, ವೆನಿಜುವೆಲಾದಲ್ಲಿ ಸುಟ್ಟ ಮಾಂಸಕ್ಕೂ ಮರಗೆಣಸಿಗೂ ಹಾಕಿಕೊಳ್ಳುವ, ವಿನಿಗರ್ ಹುಳಿಯ ಹಸಿರು ಸಾಸು ಎಂದು ಬರೆದೆ. ಸಾಮಾನಿನ ಪಟ್ಟಿಯಲ್ಲಿ ಮಾತ್ರ ಅವಕಾಡೊ ಹೊಡೆದು ಬೆಣ್ಣೆಹಣ್ಣು ಮಾಡಿದೆ.

ಆಗಸ್ಟಿನಲ್ಲಿ ಊರಿಗೆ ಹೋದಾಗ ಅಮ್ಮನ ಮನೆಯಲ್ಲೇ ಮಾಡಿದೆ. ಮರಗೆಣಸು ಬೇಯಿಸಿದ್ದು ಅಮ್ಮ. ಒಂದು ಹೋಳು ಅದ್ದಿ ತಿಂದು, ಇನ್ನೊಂದು ಹೋಳು ಅದ್ದಿ ತಿಂದು, "ಚಟ್ನಿ ಅಲ್ಲ ಬಿಡು ಇದು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ಏನಂದೆ ಹೆಸರು? ಇನ್ನೊಂದು ಸಲ ಹೇಳು" ಎಂದು ಕೇಳಿದರು.